ಹೊಂಡದ ದಂಡೆಯ ಚರಗ

ಹೊಲದಲ್ಲಿ ಕಳೆಕಸ ಕಂಡರೆ ಬಸವಂತಪ್ಪನಿಗೆ ಊಟ ಸೇರುವುದಿಲ್ಲ. ಕ್ಯಾಲಿಫೋರ್ನಿಯಾದ ಲಿವರ್ಮೋರ್ ಸುತ್ತಮುತ್ತಲಿನ ಕನ್ನಡದವರಿಗೆಲ್ಲ ಇದು ಗೊತ್ತು. ನವಲಗುಂದದ ಕರಿನೆಲದಲ್ಲಿ ಉತ್ತು ಬಿತ್ತಿ ಬಂದ ಮನುಷ್ಯ, ಇಪ್ಪತ್ತೆರಡು ವರ್ಷದಿಂದ ಇಲ್ಲಿ ಗುಡ್ಡದ ಮಗ್ಗುಲಿನ ಏಳು ಎಕರೆಯಲ್ಲಿ ಮೆಂತ್ಯ, ಪುಂಡಿಪಲ್ಯ, ಹಕ್ಕರಕಿ ಸೊಪ್ಪು ಬೆಳೆಯುತ್ತಾನೆ. ಸ್ಯಾನ್ ಮಟಿಯೋದಿಂದ ವಾಲ್ನಟ್ ಕ್ರೀಕ್‌ವರೆಗೆ ಯಾವ ಇಂಡಿಯನ್ ಗ್ರೋಸರಿಗೆ ಹಾಕಿದರೂ ಅವನ ಮೆಂತ್ಯ ಮಧ್ಯಾಹ್ನದೊಳಗೆ ಖಾಲಿ. ಆದರೆ ಕಳೆದ ಚಳಿಗಾಲ ಹೊಲದಂಚಿನ ನೀರಿನ ಹೊಂಡದ ಕಡೆಯಿಂದ ಹಬ್ಬಿದ ಕಸ ಅರ್ಧ ಮೆಂತ್ಯವನ್ನೇ ನುಂಗಿ ಹಾಕಿತ್ತು. ಆ ಹೊಟ್ಟೆಯುರಿ ಇನ್ನೂ ಆರಿರಲಿಲ್ಲ.

ಅಂದು ಶುಕ್ರವಾರ. ಮರುದಿನ ಸೀಗಿ ಹುಣ್ಣಿಮೆ. ಬಸುರಿ ಭೂತಾಯಿಗೆ ಬಯಕೆಯ ಊಟ ಬಡಿಸುವ ಹಬ್ಬ. ಪ್ರತಿ ವರ್ಷ ನಲವತ್ತು ಜನ ಅವನ ಹೊಲಕ್ಕೆ ಬರುತ್ತಾರೆ. ಪೂಜೆ ಮಾಡಿ, ಹೊಲದ ಸಕಲ ಜೀವಕ್ಕೂ ಒಂದೊಂದು ತುತ್ತು ಎಂದು ಎಡೆಯ ಅಡುಗೆಯನ್ನು ಸುತ್ತಲೂ ಚರಗ ಚೆಲ್ಲಿ, ಆಮೇಲೆ ಹೊಂಡದ ಪಕ್ಕದ ಓಕ್ ಮರದ ಕೆಳಗೆ ಉಣ್ಣುತ್ತಾರೆ. ಶನಿವಾರ ರಾತ್ರಿ ಈ ಹಂಗಾಮಿನ ಮೊದಲ ಮಳೆ ಎಂದು ಫೋನು ಹೇಳುತ್ತಿತ್ತು. ಮಳೆಗೆ ಮುಂಚೆ ಔಷಧ ಹೊಡೆದು ಕಸ ಸುಡಬೇಕು, ನೆಂಟರ ಕಣ್ಣಿಗೆ ಹೊಲ ಚೊಕ್ಕ ಕಾಣಬೇಕು. ಬಸವಂತಪ್ಪ ಬೆಳಿಗ್ಗೆ ಏಳೂವರೆಗೇ ಪಂಪು ಬೆನ್ನಿಗೇರಿಸಿದ.

ಅಷ್ಟರಲ್ಲಿ ಊಟಕ್ಕೆ ದೊಡ್ಡ ಪಾತ್ರೆ ಕೊಡಲು ವಿನೋದಾ ಬಂದಳು. ಉಡುಪಿ ಕಡೆಯ ಹೆಣ್ಣುಮಗಳು, ರೈತರಿಗೆ ಸಲಹೆ ಕೊಡುವ ಕೆಲಸದಲ್ಲಿದ್ದಾಳೆ.

"ಎಂತ ಅಂಕಲ್, ಹಬ್ಬದ ಹಿಂದಿನ ದಿನ ಪಂಪು ಹಾಕಿಕೊಂಡು ಎಲ್ಲಿಗೆ ಹೊರಟಿರಿ?"

"ಹೊಂಡದ ದಂಡಿಗೆ ಎಣ್ಣಿ ಹೊಡ್ಯಾಕ, ತಂಗಿ." ಕಳೆನಾಶಕವಾಗಲಿ ಕೀಟನಾಶಕವಾಗಲಿ, ಬಸವಂತಪ್ಪನ ಬಾಯಲ್ಲಿ ಎಲ್ಲವೂ ಎಣ್ಣಿಯೇ.

"ನಾಳೆ ಮಳೆ ಉಂಟಲ್ಲ ಮಾರಾಯ್ರೆ! ಡಬ್ಬಿಗೆ ಅಂಟಿಸಿದ್ದ ಲೇಬಲ್ ಪುಸ್ತಕ ಓದಿದ್ದೀರಾ?"

ಬಸವಂತಪ್ಪ ಮೀಸೆಯಡಿಯಲ್ಲಿ ನಕ್ಕ. "ಓದೂದೇನೈತಿ? ನಲವತ್ತು ವರ್ಷ ಆತು ನಾ ಎಣ್ಣಿ ಹೊಡ್ಯಾಕತ್ತಿ."

"ಪುಸ್ತಕ ಎಲ್ಲಿ?"

ಅವನು ತುಸು ನಾಚುತ್ತ ಶೆಡ್ಡಿನತ್ತ ಕೈ ತೋರಿದ. ಊಟದ ಉದ್ದನೆಯ ಮೇಜಿನ ಒಂದು ಕಾಲು ಗಿಡ್ಡ. ಅದರ ಕೆಳಗೆ, ನಾಲ್ಕು ಮಡಿಕೆಯಾಗಿ, ಡಬ್ಬಿಯ ಲೇಬಲ್ ಪುಸ್ತಕ ಕೂತಿತ್ತು.

ವಿನೋದಾ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಂಕಲ್, ಈ ದೇಶದಲ್ಲಿ ಲೇಬಲ್ ಅಂದ್ರೆ ಕಾನೂನು. ನೀವು ಕಾನೂನಿನ ಮೇಲೆ ಮೇಜು ಇಟ್ಟಿದ್ದೀರಿ!"

ಅವಳು ಅದನ್ನು ಎಳೆದು ಬಿಡಿಸಿ ಓದಿದಳು. ಎರಡು ದಿನದೊಳಗೆ ನೆಲದ ಮೇಲೆ ನೀರು ಹರಿಯುವಂಥ ಮಳೆ ಇದ್ದರೆ ಹೊಡೆಯಬಾರದು. ನೀರಿನಂಚಿನಿಂದ ಇಂತಿಷ್ಟು ದೂರ ಹೊಡೆಯದೆ ಬಿಡಬೇಕು. ಹೊಡೆಯುವ ಮುಂಚೆ ಅಮೆರಿಕದ ಪರಿಸರ ಇಲಾಖೆ ಇ.ಪಿ.ಎ.ಯ 'ಬುಲೆಟಿನ್ಸ್ ಲೈವ್ ಟೂ' ಎಂಬ ವೆಬ್ ಪುಟದಲ್ಲಿ ನಿಮ್ಮ ಜಾಗ ಹುಡುಕಿ, ಅಲ್ಲಿ ಹೇಳಿದಂತೆ ನಡೆಯಬೇಕು.

"ಇದೆಲ್ಲ ಯಾರ ಸಲುವಾಗಿ?"

"ನಿಮ್ಮ ಹೊಂಡದಲ್ಲಿ ಕೆಂಪು ಕಾಲಿನ ಕಪ್ಪೆ ಉಂಟು. ಹೋದ ವರ್ಷ ನಾನೇ ಕಂಡಿದ್ದೇನೆ. ಮೊದಲು ಈ ಸೀಮೆಯಲ್ಲೆಲ್ಲ ಇತ್ತಂತೆ, ಈಗ ಅಲ್ಲೊಂದು ಇಲ್ಲೊಂದು. ಮೊದಲ ಮಳೆ ಬಿದ್ದ ಕೂಡಲೇ ಅದು ಹೊಲ ದಾಟಿ ಓಡಾಡುತ್ತದೆ. ಅದರದ್ದು ತೆಳು ಚರ್ಮ. ಮೈಗೆ ತಾಗಿದ್ದೆಲ್ಲ ಒಳಗೆ ಹೋಗುತ್ತದೆ."

ಬಸವಂತಪ್ಪನಿಗೆ ಸಿಟ್ಟು ನೆತ್ತಿಗೇರಿತು. "ಕಪ್ಪಿ ಸಲುವಾಗಿ ನಾ ಹೊಲಾ ಹಾಳ ಬಿಡ್ಲೇನು? ಹ್ವಾದ ವರ್ಷ ಮೆಂತ್ಯ ಹ್ವಾದಾಗ ಯಾ ಕಪ್ಪಿ ಬಂದಿತ್ತು ನನ್ನ ಮಾತಾಡಸಾಕ?"

"ಹೊಡೆಯಲೇಬೇಡಿ ಅಂತ ಯಾರು ಹೇಳಿದ್ರು? ಮೇಲಿನ ಹೊಲಕ್ಕೆ ಮಳೆ ನಿಂತು ನೆಲ ಆರಿದ ಮೇಲೆ, ಗಾಳಿ ಇಲ್ಲದ ದಿನ ಹೊಡೀರಿ. ಹೊಂಡದ ಸುತ್ತ ಮಾತ್ರ ಬೇಡ. ಅಲ್ಲಿ ಹುಲ್ಲಿನ ಪಟ್ಟಿ ಇದ್ರೆ ನಿಮ್ಮ ಮಣ್ಣೂ ತೊಳೆದು ಹೋಗುವುದಿಲ್ಲ. ಹಬ್ಬುವ ಕಸ ಕೈಯಲ್ಲಿ ಕೀಳಬೇಕು."

"ಕೈಲೆ? ಯಾರ ಕೈಲೆ? ನನ್ನ ಮೊಣಕಾಲು ನೋಡಿಯೇನು?"

ಅಷ್ಟು ಹೊತ್ತು ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಬಂಗಾರೆವ್ವ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಗಂಡನೆದುರು ಅವಳು ಹೆಚ್ಚು ಮಾತಾಡುವವಳಲ್ಲ. ಆಡಿದರೆ ಮಾತ್ರ ಅಲ್ಲಿಗೆ ಮುಗಿಯಿತು.

"ರೀ, ಎರಡು ದಿನ ಆತು ನಾ ಒಲಿ ಬಿಟ್ಟು ಎದ್ದಿಲ್ಲ. ಯಾಕ? ಬಸರಿ ಭೂತಾಯಿಗೆ ಬಯಕಿ ಊಟ ಅಂತ. ನಾಳೆ ಆಕಿಗೆ ಕಡಬು ಬಡಸವ್ರು ನೀವ. ಇವತ್ತ ಆಕಿ ಮೈಮ್ಯಾಲೆ ಇದನ್ನ ಹೊಡಿಯವ್ರೂ ನೀವ. ಸಕಲ ಜೀವಕ್ಕ ಅಂತ ಚರಗಾ ಚೆಲ್ಲತೀರಲ್ಲ, ಕಪ್ಪಿ ಜೀವ ಅಲ್ಲೇನು?"

ಬಸವಂತಪ್ಪ ಹೆಂಡತಿಯ ಕೈಯ ಹಿಟ್ಟು ನೋಡಿದ. ಅವನಿಗೆ ನಿಜಕ್ಕೂ ನಾಚಿಕೆಯಾಯಿತು. ಮೆಲ್ಲಗೆ ಪಂಪು ಇಳಿಸಿದ.

"ಆದ್ರ ಮೆಂತ್ಯ?" ಎಂದ, ದನಿ ತಗ್ಗಿಸಿ.

"ನಾಳೆ ನಲವತ್ತು ಮಂದಿ ಬರ್ತಾರ," ಎಂದಳು ಬಂಗಾರೆವ್ವ. "ಪುಗಸಟ್ಟೆ ಉಣಿಸಿ ಕಳಸ್ತೀರೇನು?"

ಶನಿವಾರ ಬಂದವರಿಗೆ ಕುಂಕುಮದ ಜೊತೆ ಕಳೆ ಕೀಳುವ ಒಂದೊಂದು ಕುರ್ಪಿಯೂ ಸಿಕ್ಕಿತು. ಕುರ್ಪಿ ಸಿಗದವರಿಗೆ ಕೈಗವಸು! "ಅಂಕಲ್, ವೀಕೆಂಡಲ್ಲೂ ಟಾಸ್ಕಾ?" ಎಂದು ಸ್ಯಾನ್ ಮಟಿಯೋದ ಅನಿಕೇತ ಗೊಣಗಿದ. "ಇದು ಮುಗಿಸಿದ್ರ ಶೇಂಗಾ ಹೋಳಿಗಿ," ಎಂದ ಬಸವಂತಪ್ಪ. ಅರ್ಧ ಗಂಟೆಯಲ್ಲಿ ಅನಿಕೇತನ ಬಿಳಿ ಶೂ ಮಣ್ಣಿನ ಬಣ್ಣಕ್ಕೆ ತಿರುಗಿತ್ತು, ಅವನ ಸಾಲು ಎಲ್ಲರಿಗಿಂತ ಮುಂದಿತ್ತು. ನಗುವೇನು, ಹಾಡೇನು, ಸೊಂಟ ಹಿಡಿದವರ ಗೋಳೇನು! ಮಧ್ಯಾಹ್ನದ ಹೊತ್ತಿಗೆ ಮೆಂತ್ಯದ ಮಡಿಗಳತ್ತ ಹಬ್ಬಿದ್ದ ಕಸವೆಲ್ಲ ಗುಡ್ಡೆಯಾಗಿ ಬಿದ್ದಿತ್ತು. ನೀರಿನಂಚಿನ ಹುಲ್ಲನ್ನು ಯಾರೂ ಮುಟ್ಟಲಿಲ್ಲ.

ಚರಗ ಚೆಲ್ಲುತ್ತ ಬಸವಂತಪ್ಪ ಈ ಸಲ ಹೊಂಡದ ದಂಡೆಗೂ ಹೋದ. ಒಂದು ಹಿಡಿ ಹುಲ್ಲಿಗೆ ಎರಚಿದ. ಬುಳಕ್ಕನೆ ಏನೋ ನೀರಿಗೆ ಹಾರಿತು. ಕ್ಷಣಮಾತ್ರ, ಹಿಂಗಾಲಿನ ಕೆಂಪು ಅವನ ಕಣ್ಣಿಗೆ ಬಿತ್ತು.

"ನೋಡಿದ್ಯೇನ!" ಎಂದು ಅವನು ಕೂಗಿದ ಕೂಗಿಗೆ ನಲವತ್ತು ಜನವೂ ತಿರುಗಿದರು. "ಊಟಕ್ಕ ನಲವತ್ತೊಂದನೆಯಾಂವ ಬಂದಾನ!"

ಊಟದುದ್ದಕ್ಕೂ ಓಕ್ ಮರದಡಿ ತಂದಿಟ್ಟ ಮೇಜು ಗಡಗಡ ಅಲ್ಲಾಡಿತು. ಸಾರು ಎರಡು ಸಲ ಚೆಲ್ಲಿತು. ಬಸವಂತಪ್ಪ ಎದೆಯ ಜೇಬಿನಲ್ಲಿದ್ದ ಲೇಬಲ್ ಪುಸ್ತಕ ತಟ್ಟಿ, "ಅಲ್ಲಾಡ್ಲಿ ಬಿಡ್ರಿ," ಎಂದ. ಆ ಜನವರಿಯಲ್ಲಿ ಮೆಂತ್ಯ ಮಡಿ ತುಂಬ ಬಂತು. ಮೊದಲ ಕಟ್ಟನ್ನು ಅವನೇ ವಿನೋದಾಳ ಮನೆಗೆ ಒಯ್ದು ಕೊಟ್ಟ.

ಹೊಲ, ತೋಟ, ಮನೆಯ ಹಿತ್ತಲು ಇರುವವರೇ, ಕಳೆನಾಶಕ ಹೊಡೆಯುವ ಮುಂಚೆ ಲೇಬಲ್ ಓದಿರಿ. ನಿಯಮ ಡಬ್ಬಿಯಿಂದ ಡಬ್ಬಿಗೆ ಬೇರೆ, ಊರಿಂದ ಊರಿಗೆ ಬೇರೆ. ಬುಲೆಟಿನ್ ನೋಡಿ ಎಂದು ಬರೆದಿದ್ದರೆ ನೋಡಿರಿ. ಮಳೆ ಮತ್ತು ಗಾಳಿ ಗಮನಿಸಿರಿ, ನೀರಿನಂಚಿಗೆ ಹುಲ್ಲು ಬಿಡಿರಿ. ಗೊತ್ತಾಗದಿದ್ದರೆ ನಿಮ್ಮ ಕೌಂಟಿಯ ಕೃಷಿ ಕಚೇರಿಗೆ ಒಂದು ಫೋನು ಮಾಡಿರಿ. ನಿಮ್ಮ ಡಬ್ಬಿಯ ಪುಸ್ತಕ ಈಗ ಎಲ್ಲಿದೆ? ಮೇಜಿನ ಕಾಲ ಕೆಳಗಿದ್ದರೆ ಇವತ್ತೇ ತೆಗೆಯಿರಿ. ಮೇಜು ಅಲ್ಲಾಡಿದರೆ ಅಲ್ಲಾಡಲಿ.