ಕೈಕಟ್ಟಿ ಕೂರುವ ಕೆಲಸ

ಅವಳ ಕೈ ಸುಮ್ಮನಿದ್ದದ್ದನ್ನು ಯಾರೂ ಕಂಡವರಿಲ್ಲ. ಮನೆಯಲ್ಲಿ ಎಲ್ಲರೂ ಅವಳನ್ನು ಚುರುಕಿ ಎಂದೇ ಕರೆಯುತ್ತಿದ್ದರು. ಅಜ್ಜಿ ಹಾಸಿಗೆ ಹಿಡಿದ ಮೇಲೆ ಒಂದು ತುತ್ತನ್ನೂ ತಾನಾಗಿ ಎತ್ತಿಕೊಂಡವಳಲ್ಲ, ಮೊಮ್ಮಗಳು ಬಿಟ್ಟರೆ ತಾನೇ! ಕಲಸಿ, ತುತ್ತು ಮಾಡಿ, ಬಾಯಿಗಿಟ್ಟು, ಸೆರಗಿನಲ್ಲಿ ಬಾಯಿ ಒರೆಸುವವರೆಗೆ ಎಲ್ಲ ಅವಳದೇ. "ಇವಳು ನರ್ಸಾಗೋಕೇ ಹುಟ್ಟಿದೋಳು" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಚುರುಕಿ ನರ್ಸಿಂಗ್ ಕಾಲೇಜು ಸೇರಿದಾಗ ಯಾರಿಗೂ ಆಶ್ಚರ್ಯವಾಗಲಿಲ್ಲ. ಓದು ಮುಗಿಯುತ್ತಾ ಬಂದಾಗ ಹೊರದೇಶದ ಆಸ್ಪತ್ರೆಯೊಂದರಲ್ಲಿ ಇಂಟರ್ನ್‌ಶಿಪ್‌ಗೆ ಅವಳು ಆಯ್ಕೆಯಾದಾಗ ಮಾತ್ರ ಅಮ್ಮ ಅರ್ಧ ದಿನ ಅಳುತ್ತ, ಅರ್ಧ ದಿನ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬರುತ್ತ ಕಳೆದಳು.

ಅಲ್ಲಿನ ಭಾಷೆಯನ್ನು ಚುರುಕಿ ಹೊರಡುವ ಮೊದಲೇ ಕಷ್ಟಪಟ್ಟು ಕಲಿತಿದ್ದಳು. ಚಳಿಯನ್ನು ಮಾತ್ರ ಮೊದಲೇ ಕಲಿಯಲು ಬರುವುದಿಲ್ಲವಲ್ಲ! ಮೊದಲ ದಿನ ವಾರ್ಡಿನಲ್ಲಿ ಅವಳ ಹಲ್ಲು ಕಟಕಟ ಅನ್ನುವುದನ್ನು ಕೇಳಿದ ವಾರ್ಡಿನ ಮುಖ್ಯಸ್ಥೆ, ತಮ್ಮ ಕಪಾಟಿನಿಂದ ಸ್ವೆಟರ್ ತಂದು ಅವಳ ಹೆಗಲಿಗೆ ಹಾಕಿ ಹೋಗಿದ್ದರು. ತೋಳು ಎರಡು ಮಡಿಕೆ ಮಡಿಸುವಷ್ಟು ಉದ್ದ. ಎತ್ತರದ, ಕಡಿಮೆ ಮಾತಿನ ಆ ಹೆಂಗಸನ್ನು ಚುರುಕಿ ಮನಸ್ಸಿನಲ್ಲೇ ದೊಡ್ಡ ಸಿಸ್ಟರ್ ಎಂದು ಕರೆದುಕೊಂಡಳು. ಜೊತೆಗೇ ಹೆದರಿಕೆಯೂ ಇತ್ತು. ಮೊದಲ ತಿಂಗಳು ಮುಗಿದಾಗ ದೊಡ್ಡ ಸಿಸ್ಟರ್ ಹ್ಞೂಂ ಅಂದರೆ ಇಂಟರ್ನ್‌ಶಿಪ್ ಮುಂದುವರಿಯುತ್ತದೆ, ಊಹ್ಞೂಂ ಅಂದರೆ ಗಂಟುಮೂಟೆ ಕಟ್ಟಬೇಕು. ಅದು ಹೊಸದಾಗಿ ಬಂದವರಿಗೆಲ್ಲ ಗೊತ್ತಿದ್ದ ವಿಷಯ.

ಅದು ಪಾರ್ಶ್ವವಾಯು ಹೊಡೆದವರ ವಾರ್ಡು. ಚುರುಕಿಯ ಪಾಲಿಗೆ ಬಂದದ್ದು ಕಿಟಕಿ ಪಕ್ಕದ ಹಾಸಿಗೆಯ ಮುದುಕ. ಜೀವಮಾನವೆಲ್ಲ ಕ್ಷೌರದ ಅಂಗಡಿ ನಡೆಸಿದವನು. ಬಲಗೈ ಸೋತಿತ್ತು, ಬಾಯಿ ಸೋತಿರಲಿಲ್ಲ. ಚುರುಕಿ ಬಾಯಿತಪ್ಪಿ ತನ್ನ ಭಾಷೆಯಲ್ಲಿ "ತಾತ" ಅಂದುಬಿಟ್ಟಿದ್ದಳು. ಅರ್ಥ ಕೇಳಿ ತಿಳಿದುಕೊಂಡ ಮೇಲೆ ಬೇರೆ ಹೆಸರಿಗೆ ಅವನು ಓಗೊಡುವುದನ್ನೇ ಬಿಟ್ಟ.

"ನಿಮ್ಮ ಡಾಕ್ಟರ ತಲೆ ನೋಡಿದ್ಯಾ?" ಎಂದು ಮೊದಲ ದಿನವೇ ಗುಟ್ಟಾಗಿ ಕೇಳಿದ್ದ. "ಆ ಕಟಿಂಗ್ ಮಾಡ್ದೋನಿಗೆ ನನಗಿಂತ ಜೋರಾಗಿ ಲಕ್ವ ಹೊಡೆದಿರ್ಬೇಕು."

ಇಂಥ ತಾತ ಬೆಳಗಿನ ಗಂಜಿಯ ಎದುರು ಕೂತಾಗ ಮಾತ್ರ ನೋಡಲಾಗುತ್ತಿರಲಿಲ್ಲ. ಚಮಚ ಬಟ್ಟಲಿಗೆ ಬಡಿಯುವುದು, ಎತ್ತಿದ್ದು ದಾರಿಯಲ್ಲೇ ಚೆಲ್ಲುವುದು, ಗಲ್ಲದ ಮೇಲೆ, ಅಂಗಿಯ ಮೇಲೆ. ಬಟ್ಟಲು ಆರಿ ತಣ್ಣಗಾದರೂ ಅರ್ಧ ಹಾಗೇ ಇರುತ್ತಿತ್ತು. ಊರಿನ ಆಸ್ಪತ್ರೆಯಲ್ಲಾಗಿದ್ದರೆ ಮಂಚದ ಪಕ್ಕ ಮಗಳೋ ಸೊಸೆಯೋ ಇರುತ್ತಿದ್ದರು. ಉಣಿಸುವುದು, ಮೈ ಒರೆಸುವುದು ಮನೆಯವರ ಕೆಲಸ, ಸೂಜಿ ಮಾತ್ರೆ ನರ್ಸಿನದು. ಇಲ್ಲಿ ಮನೆಯವರು ಮಧ್ಯಾಹ್ನ ಬಂದು ನೋಡಿಕೊಂಡು ಹೋಗುವವರು, ಅಷ್ಟೆ. ಅಂದ ಮೇಲೆ ಮನೆಯವರ ಜಾಗದಲ್ಲಿ ತಾನೇ ಅಲ್ಲವೇ? ಚಮಚ ಅವಳ ಕೈಗೆ ಬಂದದ್ದು ಅವಳಿಗೇ ತಿಳಿಯಲಿಲ್ಲ.

"ಆ ಅನ್ನಿ, ತಾತ."

ತಾತ ಒಂದು ಗಳಿಗೆ ಅವಳನ್ನೇ ನೋಡಿ, ಆಮೇಲೆ ಕಣ್ಣು ಮಿಟುಕಿಸಿ ಬಾಯಿ ತೆರೆದ.

ಅಂದಿನಿಂದ ಅದೇ ರೂಢಿಯಾಯಿತು. ಗಂಜಿ ಉಣಿಸುವುದು, ಅಂಗಿಯ ಗುಂಡಿ ಹಾಕುವುದು, ತಲೆ ಬಾಚುವುದು. ಉಳಿದ ನರ್ಸುಗಳು ಪಕ್ಕದ ಕೋಣೆಗಳಲ್ಲಿ ಮುಳುಗಿರುತ್ತಿದ್ದರು, ಯಾರೂ ಗಮನಿಸಲಿಲ್ಲ. ಬಟ್ಟಲು ಬೇಗ ಖಾಲಿ, ಅಂಗಿ ಶುಭ್ರ, ತಾತನ ಮುಖದಲ್ಲಿ ನಗು. ಇಷ್ಟು ಅಚ್ಚುಕಟ್ಟಾಗಿ ನೋಡಿಕೊಂಡರೆ ದೊಡ್ಡ ಸಿಸ್ಟರ್ ಹ್ಞೂಂ ಅನ್ನದೆ ಇರುತ್ತಾರೆಯೇ ಎಂದು ಚುರುಕಿ ಒಳಗೊಳಗೇ ಉಬ್ಬಿದಳು.

ಆಮೇಲೊಂದು ಬೆಳಗ್ಗೆ, ಕೈಕಾಲಿಗೆ ವ್ಯಾಯಾಮ ಮಾಡಿಸುವ ಫಿಸಿಯೋ ರಜೆ ಮುಗಿಸಿ ಬಂದಳು. ತಾತನ ಕೈಗೆ ಚಮಚ ಕೊಟ್ಟು, "ಎಲ್ಲಿ, ತೋರಿಸಿ" ಅಂದಳು. ಚಮಚ ಬೆರಳುಗಳ ನಡುವೆ ನಿಲ್ಲಲೇ ಇಲ್ಲ, ಜಾರಿ ನೆಲಕ್ಕೆ ಬಿತ್ತು.

"ನಾನು ಹೋಗುವಾಗ ಅರ್ಧ ಬಟ್ಟಲು ನೀವೇ ತಿಂತಿದ್ರಲ್ಲ! ಏನಾಯ್ತು?"

"ಈಗ ಆ ಕಷ್ಟ ಯಾಕೆ?" ತಾತ ಹೆಮ್ಮೆಯಿಂದ ಚುರುಕಿಯ ಕಡೆ ಗಲ್ಲ ಚಾಚಿದ. "ನನಗೊಬ್ಬಳು ಮೊಮ್ಮಗಳು ಸಿಕ್ಕಿದಾಳೆ. ಅವಳೇ ತಿನ್ನಿಸ್ತಾಳೆ."

ಫಿಸಿಯೋ ಚುರುಕಿಯ ಕಡೆ ತಿರುಗಿದಳು. ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಸೋತ ಕೈಗೆ ಕೆಲಸ ಕೊಡದಿದ್ದರೆ ಅದು ಕೆಲಸವನ್ನೇ ಮರೆಯುತ್ತದೆ ಎಂದು ಚುರುಕಿ ಪುಸ್ತಕದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದೂ ಇದ್ದಳು. ಆದರೆ ಹಸಿದ ಮುದುಕನ ಎದುರು ಪುಸ್ತಕ ನೆನಪಾಗಿರಲಿಲ್ಲ.

ಮಧ್ಯಾಹ್ನ ದೊಡ್ಡ ಸಿಸ್ಟರ್ ತಮ್ಮ ಕೋಣೆಗೆ ಕರೆದರು. ಮೇಜಿನ ಮೇಲೆ ಎರಡು ಬಟ್ಟಲು ಸೂಪ್ ಹಬೆಯಾಡುತ್ತಿತ್ತು.

"ಕೂತ್ಕೋ. ಯಾಕೆ ಹಾಗೆ ಮಾಡಿದೆ, ಹೇಳು."

ಚುರುಕಿ ಕುರ್ಚಿಯ ತುದಿಯಲ್ಲಿ ಕೂತಳು. "ನಮ್ಮ ಮನೇಲಿ ದೊಡ್ಡೋರು ಊಟಕ್ಕೆ ಒದ್ದಾಡ್ತಿರುವಾಗ ಚಿಕ್ಕೋರು ನೋಡ್ತಾ ನಿಂತ್ರೆ, ಇವಳೇನು ಮನುಷ್ಯಳಾ ಅಂತಾರೆ ಸಿಸ್ಟರ್. ನಮ್ಮಜ್ಜಿಗೆ ಕೊನೇವರೆಗೂ ನಾನೇ ತಿನ್ನಿಸಿದ್ದು."

"ಹ್ಞೂಂ." ಅವರು ಒಂದು ಬಟ್ಟಲನ್ನು ಅವಳ ಕಡೆ ಸರಿಸಿದರು. "ಸೂಪ್ ಕುಡಿ. ಎಡಗೈಯಲ್ಲಿ."

ಎಡಗೈಯಲ್ಲಿ! ಚಿಕ್ಕಂದಿನಲ್ಲಿ ಆ ಕೈ ತಟ್ಟೆಗೆ ತಾಗಿದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಈಗ ಇಲ್ಲ ಅನ್ನುವ ಧೈರ್ಯವೆಲ್ಲಿಯದು? ಚಮಚ ಹಿಡಿದಳು. ಮೊದಲನೆಯದು ಮೇಜಿಗೆ, ಎರಡನೆಯದು ಸ್ವೆಟರಿಗೆ. ದೊಡ್ಡ ಸಿಸ್ಟರ್ ಅವಳ ಕೈಯಿಂದ ಚಮಚ ತೆಗೆದುಕೊಂಡು, ಸೂಪು ತುಂಬಿ, ಅವಳ ಬಾಯಿಯ ಹತ್ತಿರ ತಂದರು.

"ಬೇಡ ಬೇಡ, ನಾನೇ ಕುಡೀತೀನಿ!" ಚುರುಕಿ ಕುರ್ಚಿಯ ಸಮೇತ ಹಿಂದೆ ಸರಿದಳು. ಸರಿದವಳು ಹಾಗೇ ತಲೆ ತಗ್ಗಿಸಿದಳು.

"ಆ ತಾತ ನಿನ್ನ ಹಾಗೆ ಹಿಂದೆ ಸರಿಯೋ ಮನುಷ್ಯ ಅಲ್ಲ. ಸ್ವಲ್ಪ ಸೋಮಾರಿ," ಎಂದು ದೊಡ್ಡ ಸಿಸ್ಟರ್ ಚಮಚವನ್ನು ಅವಳ ಬಲಗೈಗೇ ಕೊಟ್ಟರು. "ನಿನ್ನ ಮನಸ್ಸು ಒಳ್ಳೇದು. ಅದನ್ನ ನಾನು ಕಲಿಸೋಕಾಗಲ್ಲ, ನಿನ್ನಜ್ಜಿ ಕಲಿಸಿದಾರೆ. ಸುಮ್ಮನೆ ಕೂರೋದನ್ನ ನಾನು ಕಲಿಸ್ತೀನಿ. ಅವರು ಮನೆಗೆ ಹೋಗೋಕೆ ಇನ್ನು ಹೆಚ್ಚು ದಿನ ಇಲ್ಲ. ಅಷ್ಟರೊಳಗೆ ಅವರ ಕೈ ಅವರಿಗೆ ವಾಪಸ್ ಬರಬೇಕು. ಬರದಿದ್ರೆ ನಾನು ಹ್ಞೂಂ ಅನ್ನೋದು ಕಷ್ಟ."

ಮರುದಿನದಿಂದ ಶುರುವಾಯಿತು ಯುದ್ಧ. ಚುರುಕಿ ಗಂಜಿಯ ಬಟ್ಟಲಿಟ್ಟು, ಚಮಚ ತಾತನ ಕೈಗೆ ಕೊಟ್ಟು, ಪಕ್ಕದ ಕುರ್ಚಿಯಲ್ಲಿ ತನ್ನೆರಡು ಕೈಗಳನ್ನೂ ತೊಡೆಯ ಕೆಳಗಿಟ್ಟು ಕೂತಳು.

ತಾತ ಬಾಯಿ ತೆರೆದು ಕಾದ. ಏನೂ ಬರಲಿಲ್ಲ.

"ಏನು? ಈಗ ನಿನ್ನ ಕೈಗೂ ಲಕ್ವ ಹೊಡೀತಾ?"

"ನೀವೇ ತಿನ್ನಬೇಕು ತಾತ. ಮೊದಲೇ ನಿಮಗೇ ಬಿಡಬೇಕಿತ್ತು. ತಪ್ಪು ನನ್ನದು."

"ತಪ್ಪು ನಿನ್ನದು, ಉಪವಾಸ ನನಗೆ! ಒಳ್ಳೇ ನ್ಯಾಯ!" ಎಂದು ಅವನು ಬಟ್ಟಲನ್ನು ಅತ್ತ ತಳ್ಳಿ ಗೋಡೆಯ ಕಡೆ ತಿರುಗಿಬಿಟ್ಟ. ಮಧ್ಯಾಹ್ನವೂ ಅದೇ ಕತೆ. ನರ್ಸುಗಳಲ್ಲಿ ಯಾರೋ ಒಬ್ಬರು ಹಾಲನ್ನಾದರೂ ಕುಡಿಸಿದರಂತೆ, ಅದೂ ಬೇಡಿಕೊಂಡ ಮೇಲೆ.

ಸಂಜೆ ಅಮ್ಮನ ಫೋನು ಬಂತು. ಚುರುಕಿ ನಡೆದದ್ದೆಲ್ಲ ಹೇಳಿದಳು. ಸಮಾಧಾನ ಸಿಕ್ಕೀತು ಎಂದುಕೊಂಡಿದ್ದಳು, ಪಾಪ.

"ಅಯ್ಯೋ ನಿನ್ನ! ವಯಸ್ಸಾದ ಜೀವ ಹಸ್ಕೊಂಡಿದ್ರೆ ನೀನು ಕೈಕಟ್ಕೊಂಡು ಕೂತಿದ್ಯಾ? ಅದನ್ನ ಕಲಿಯೋಕೆ ವಿಮಾನ ಹತ್ತಬೇಕಿತ್ತೇನೇ? ನಮ್ಮ ಮನೇಲಿ ನಿಮ್ಮಪ್ಪನ್ನ ನೋಡಿದ್ರೆ ಸಾಕಿತ್ತು!"

ಚುರುಕಿಗೆ ಅಳುವಿನ ನಡುವೆಯೇ ನಗು ಬಂದುಬಿಟ್ಟಿತು. ಅವಳ ಜೊತೆ ಕೋಣೆ ಹಂಚಿಕೊಂಡಿದ್ದ ಇನ್ನೊಂದು ದೇಶದ ಇಂಟರ್ನ್ ಹುಡುಗಿಗೆ ಆ ಮಾತು ಒಂದಕ್ಷರವೂ ತಿಳಿದಿರಲಾರದು. ಆದರೂ ಅವಳು ಎದ್ದು ಹೋಗಿ ಬಿಸಿ ಚಹಾ ತಂದು ಚುರುಕಿಯ ಪಕ್ಕದಲ್ಲಿಟ್ಟು, ಏನನ್ನೂ ಕೇಳದೆ ತನ್ನ ಪುಸ್ತಕಕ್ಕೆ ಮರಳಿದಳು. ಕೇಳದೆ ಬಿಟ್ಟದ್ದು ಚಹಾಕ್ಕಿಂತ ಹಿತವಾಗಿತ್ತು. ಅಮ್ಮನ ಮಾತಿನಲ್ಲೂ ಸುಳ್ಳಿಲ್ಲ, ದೊಡ್ಡ ಸಿಸ್ಟರ್ ಮಾತಿನಲ್ಲೂ ಸುಳ್ಳಿಲ್ಲ. ಚಹಾ ಮುಗಿಯುವ ಹೊತ್ತಿಗೆ ಚುರುಕಿಗೆ ಒಂದು ಉಪಾಯ ಹೊಳೆಯಿತು. ಉಣ್ಣಲು ಒದ್ದಾಡುವವನನ್ನು ನೋಡುತ್ತ ಕೂರುವುದು ಕಷ್ಟ, ನಿಜ. ಜೊತೆಗೆ ತಾನೂ ಒದ್ದಾಡಿದರೆ?

ಬೆಳಗ್ಗೆ ದೊಡ್ಡ ಸಿಸ್ಟರನ್ನು ಹೋಗಿ ಕೇಳಿದಳು. "ಸಿಸ್ಟರ್, ತಾತನ ಜೊತೆ ಕೂತು ನಾನೂ ತಿನ್ನಬಹುದಾ? ಎಡಗೈಯಲ್ಲಿ?"

"ಸಿಬ್ಬಂದಿ ರೋಗಿಗಳ ಜೊತೆ ತಿನ್ನೋ ಹಾಗಿಲ್ಲ" ಎಂದು ಅವರು ಮುಖವೆತ್ತದೆ ಹೇಳಿದರು. ಚುರುಕಿಯ ಮುಖ ಸಪ್ಪಗಾಯಿತು. ಆದರೆ ತಿಂಡಿಯ ಗಾಡಿ ಬಂದಾಗ, ತಾತನ ತಟ್ಟೆಯಲ್ಲಿ ಎರಡು ಬಟ್ಟಲು ಇದ್ದವು. ತಳ್ಳಿಕೊಂಡು ಬಂದ ಹೆಂಗಸು, "ಸಿಸ್ಟರ್ ಹೇಳಿದಾರೆ, ನಾನೇನೂ ನೋಡಿಲ್ಲ" ಎಂದು ಮುಂದೆ ಹೋದಳು.

ಚುರುಕಿ ಎದುರು ಕೂತು, ಬಲಗೈಯನ್ನು ತೊಡೆಯ ಕೆಳಗಿಟ್ಟು, ಎಡಗೈಯಲ್ಲಿ ಚಮಚ ಹಿಡಿದಳು. ಮೊದಲ ಚಮಚ ಗಲ್ಲಕ್ಕೆ ಹೋಯಿತು. ಎರಡನೆಯದು ಮೂಗಿನ ತುದಿಗೆ. ಗೋಡೆ ನೋಡುತ್ತಿದ್ದ ತಾತ ಓರೆಗಣ್ಣು ಹಾಯಿಸಿದ. ಮೂರನೆಯದು ಸ್ವೆಟರಿನ ತೋಳಿನ ಮಡಿಕೆಯೊಳಗೆ ಇಳಿದಾಗ ಅವನಿಗೆ ತಡೆಯಲಾಗಲಿಲ್ಲ.

"ಏನು ಮಾಡ್ತಿದ್ದೀ? ಊಟಾನಾ, ಸುಣ್ಣ ಬಳಿಯೋ ಕೆಲಸಾನಾ?"

"ಬರ್ತಾ ಇಲ್ಲ ತಾತ."

"ಹೇಗೆ ಬರುತ್ತೆ? ಕಳ್ಳನ್ನ ಹಿಡಿದ ಹಾಗೆ ಹಿಡಿದಿದ್ದೀಯಲ್ಲ! ಮಣಿಕಟ್ಟು ಸಡಿಲ ಬಿಡು. ಹೆಬ್ಬೆರಳು ಮೇಲೆ... ಮೇಲೆ ಅಂದ್ರೆ ಮೇಲೆ, ಪಕ್ಕಕ್ಕಲ್ಲ! ಕತ್ತರಿ ಕಲಿಯೋಕೆ ಬಂದ ಹುಡುಗರೂ ನಿನಗಿಂತ ವಾಸಿ." ಮಾತಿನ ಭರದಲ್ಲಿ ಅವನು ತನ್ನ ಬಟ್ಟಲಿನ ಚಮಚವನ್ನೇ ಸೋತ ಬಲಗೈಯಲ್ಲಿ ಎತ್ತಿಕೊಂಡಿದ್ದ. "ಇಲ್ಲಿ ನೋಡು. ಹೀಗೆ. ಅವಸರ ಮಾಡಬಾರದು. ಕೈ ಬಾಯಿಯ ಹತ್ತಿರ ಹೋಗೋದಲ್ಲ, ಬಾಯೇ ಸ್ವಲ್ಪ ಬಗ್ಗಬೇಕು."

ಅವನ ಕೈ ಗಡಗಡ ನಡುಗಿತು. ದಾರಿಯಲ್ಲಿ ಅರ್ಧ ಚೆಲ್ಲಿತು. ಚುರುಕಿಯ ಬಲಗೈ ತನ್ನಷ್ಟಕ್ಕೆ ಮೇಲೇಳಹೊರಟಿತು, ಅವಳು ಅದನ್ನು ತೊಡೆಯ ಕೆಳಗೆ ಇನ್ನಷ್ಟು ಒತ್ತಿದಳು. ಉಳಿದರ್ಧ ಬಾಯಿ ಸೇರಿತು. ತಾತ ನುಂಗಿದ. ಒಮ್ಮೆ ಚಮಚವನ್ನು, ಒಮ್ಮೆ ತನ್ನ ಕೈಯನ್ನು ನೋಡಿದ. ಆಮೇಲೆ ಏನೂ ಆಗಿಲ್ಲವೆಂಬಂತೆ, "ನೋಡಿದ್ಯಾ? ಈಗ ನೀನು ಮಾಡು" ಅಂದ.

ಆಮೇಲಿನ ಊಟಗಳೆಲ್ಲ ಪಂದ್ಯಗಳೇ. ಯಾರ ಅಂಗಿ ಹೆಚ್ಚು ಕೊಳೆ, ಯಾರ ಬಟ್ಟಲು ಮೊದಲು ಖಾಲಿ. ಗೆದ್ದ ದಿನ ತಾತ ಪಕ್ಕದ ಹಾಸಿಗೆಯವರಿಗೆಲ್ಲ ಸಾರುತ್ತಿದ್ದ, ಸೋತ ದಿನ ಗಂಜಿಗೇ ಬೈಯುತ್ತಿದ್ದ. ಫಿಸಿಯೋ ಬಾಗಿಲಲ್ಲಿ ನಿಂತು ನೋಡಿ, ಚುರುಕಿಯ ಬೆನ್ನು ತಟ್ಟಿ ಹೋದಳು. ಹಾಗಂತ ಕೈ ಪೂರ್ತಿ ಮರಳಿತೆಂದಲ್ಲ. ಗುಂಡಿಗಳು ಇನ್ನೂ ಅವನನ್ನು ಕಾಡುತ್ತಿದ್ದವು. ದೊಡ್ಡ ಸಿಸ್ಟರ್ ಮುಖದಲ್ಲಿ ಮಾತ್ರ ಹ್ಞೂಂ ಆಗಲಿ ಊಹ್ಞೂಂ ಆಗಲಿ ಕಾಣಿಸಲಿಲ್ಲ.

ಮನೆಗೆ ಹೊರಡುವ ದಿನ ತಾತನ ಮಗಳು ಕೋಟು ಹಿಡಿದು ಬಂದಳು. ನಡುವಯಸ್ಸಿನ, ದಣಿದ ಮುಖದ ಹೆಂಗಸು. ಕೋಣೆಗೆ ಕಾಲಿಟ್ಟವಳೇ, "ತಡೀರಿ ಅಪ್ಪ, ನಾನು ಹಾಕ್ತೀನಿ, ನಿಮಗ್ಯಾಕೆ ತೊಂದರೆ" ಎಂದು ಅವನ ಸೋತ ಕೈ ಹಿಡಿದು ತೋಳಿಗೆ ತೂರಿಸಲು ಬಗ್ಗಿದಳು. ತಾತ ಮೊದಲು ಚುರುಕಿಯ ಕಡೆ ನೋಡಿದ, ಆಮೇಲೆ ಮಗಳ ಕಡೆ ನೋಡಿ ಹಾಯಾಗಿ ಕೈ ಸಡಿಲ ಬಿಟ್ಟ.

ಚುರುಕಿಗೆ ತನ್ನನ್ನೇ ಎದುರಿಗೆ ನಿಲ್ಲಿಸಿದಂತಾಯಿತು. ಮಗಳ ಪ್ರೀತಿಗೆ ಅಡ್ಡ ಬರಲು ತಾನು ಯಾರು? ನಿನ್ನೆ ಮೊನ್ನೆ ಬಂದವಳು. ಆದರೂ ಅವಳು ಹತ್ತಿರ ಹೋಗಿ, ಮಗಳ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದುಕೊಂಡಳು.

"ಅಕ್ಕ, ಸ್ವಲ್ಪ ಕಾಯೋಣ. ಅವರಿಗೆ ಬರುತ್ತೆ. ನನಗೂ ಮೊದಲು ತಡೆಯೋಕೆ ಆಗ್ತಿರಲಿಲ್ಲ. ಕೈ ಹಿಡ್ಕೊಂಡ್ರೆ ಸುಲಭ."

ಮಗಳು ಬಿಡಿಸಿಕೊಳ್ಳಲಿಲ್ಲ. ತಾತ ಗೊಣಗುತ್ತ ಕೋಟನ್ನು ತೊಡೆಯ ಮೇಲೆ ಹರಡಿಕೊಂಡ. ಒಮ್ಮೆ ತೋಳು ತಿರುಚಿಕೊಂಡಿತು. ಇನ್ನೊಮ್ಮೆ ಕೈ ಜೇಬಿನೊಳಗೆ ಹೋಯಿತು. "ಈ ಕೋಟು ಹೊಲಿದೋನು ನನ್ನ ಅಂಗಡೀಲಿ ಕತ್ತರಿ ಏಟು ತಿಂದಿದ್ದ ಅಂತ ಕಾಣುತ್ತೆ, ಸೇಡು ತೀರಿಸ್ಕೊಂಡಿದಾನೆ" ಎಂದು ರೇಗಿದ. ಮಗಳ ಬೆರಳುಗಳು ಚುರುಕಿಯ ಅಂಗೈಯಲ್ಲಿ ಚಡಪಡಿಸಿದವು. ಕೊನೆಗೆ ತೋಳಿನ ತುದಿಯಿಂದ ಮೊದಲು ಒಂದು ಬೆರಳು, ಆಮೇಲೆ ನಡುಗುವ ಇಡೀ ಕೈ ಹೊರಗೆ ಬಂತು. ಮಗಳು ಬಿಕ್ಕಿ ಅತ್ತಳು. "ಮನೇಲಿ ಎಲ್ಲಾ ನಾನೇ ಮಾಡ್ಬೇಕು ಅಂತ ಕೆಲಸ ಬಿಡೋಕೆ ಹೊರಟಿದ್ದೆ" ಎಂದಳು.

"ಕೆಲಸ ಗಿಲಸ ಬಿಟ್ಟೀಯೆ," ತಾತ ಗದರಿದ. "ದಿನಾ ಮನೇಲಿ ಕೂತು ನನ್ನ ತಲೆ ತಿನ್ನೋಕಾ?"

ಬಾಗಿಲಲ್ಲಿ ದೊಡ್ಡ ಸಿಸ್ಟರ್ ನಿಂತಿದ್ದರು. ಯಾವಾಗಿನಿಂದ ನಿಂತಿದ್ದರೋ. ಅಪ್ಪ ಮಗಳು ಲಿಫ್ಟಿನ ಕಡೆ ಹೋದ ಮೇಲೆ ಅವರು ಒಳಗೆ ಬಂದು ಖಾಲಿ ಹಾಸಿಗೆಯ ಹೊದಿಕೆ ತೆಗೆಯತೊಡಗಿದರು. ಚುರುಕಿ ಇನ್ನೊಂದು ತುದಿ ಹಿಡಿದಳು.

"ನಾಳೆ ಇಲ್ಲಿಗೆ ಒಬ್ಬ ಅಜ್ಜಿ ಬರ್ತಾರೆ" ಎಂದರು ದೊಡ್ಡ ಸಿಸ್ಟರ್, ಹೊಸ ಹೊದಿಕೆ ಹಾಸುತ್ತ. "ತುಂಬಾ ಹಟ ಅಂತೆ. ಈ ಕೋಣೆಯ ನಾಲ್ಕೂ ಹಾಸಿಗೆ ನಿನಗೆ. ಇಂಟರ್ನ್‌ಶಿಪ್ ಮುಗಿಯೋವರೆಗೂ."

ಚುರುಕಿಯ ಕಣ್ಣು ತುಂಬಿ ಬಂತು. "ಸಿಸ್ಟರ್, ನಿಮ್ಮ ಉಪಕಾರ..." ಎಂದು ಶುರು ಮಾಡಿದಳು.

"ಉಪಕಾರ ಆಮೇಲೆ. ಆ ಮೂಲೆ ಸರಿಯಾಗಿ ಎಳಿ, ಸುಕ್ಕು ಬಿದ್ದಿದೆ."

ಚುರುಕಿ ಮೂಗೆಳೆದುಕೊಂಡು, ಹೊಸ ಹೊದಿಕೆಯ ಮೂಲೆಯನ್ನು ಹಾಸಿಗೆಯ ಕೆಳಗೆ ಬಿಗಿಯಾಗಿ ಸಿಕ್ಕಿಸಿದಳು. ಅಮ್ಮನಿಗೆ ಫೋನು ಮಾಡಬೇಕು, ಒಂದು ಕೋಣೆ ಪೂರ್ತಿ ನನ್ನದಾಯಿತು ಎಂದು ಹೇಳಬೇಕು, ಅಮ್ಮ ಮೊದಲು ಬೈಯುತ್ತಾಳೆ, ಆಮೇಲೆ ಪಕ್ಕದ ಮನೆಗೆ ಓಡುತ್ತಾಳೆ ಎಂದುಕೊಳ್ಳುತ್ತ, ಅವಳು ಮುಂದಿನ ಮೂಲೆಗೆ ಹೋದಳು.