‘ಮನ್ಯಾನಾ’ ಎಂಬುದರ ಬಳಕೆ

೧
ಈ ಕಥೆಯನ್ನು ‘ಆಗ್ವಾ ಅಂದರೆ ನೀರು’ ಎಂದು ಶುರುಮಾಡಲೇ? ಬೇಡ, ಪಾಠಪುಸ್ತಕದ ವಾಸನೆ ಹೊಡೆಯುತ್ತದೆ. ‘ಒಂದು ಕೋಣೆಯಲ್ಲಿ ಒಬ್ಬ ಮುದುಕಿ ಇದ್ದಳು’ ಎನ್ನಲೇ? ನೀವು ಆಕಳಿಸುತ್ತೀರಿ. ನೇರವಾಗಿ ಹೇಳಿಬಿಡುತ್ತೇನೆ: ನನ್ನ ಅತ್ತಿಗೆಗೆ ಪರದೇಶದಲ್ಲಿ ಹಾಸಿಗೆ ಹಿಡಿದ ಒಬ್ಬ ಮುದುಕಿಯನ್ನು ನೋಡಿಕೊಳ್ಳುವ ಕೆಲಸ. ಮುದುಕಿಗೆ ಬರುವುದು ಸ್ಪ್ಯಾನಿಷ್ ಮಾತ್ರ, ಅತ್ತಿಗೆಗೆ ಬಾರದ್ದೂ ಅದೊಂದೇ. ಇದರಲ್ಲಿ ಒಳ್ಳೆಯ ಹಾಸ್ಯಕಥೆ ಇದೆ ಎಂದು ಎಣಿಸಿದ್ದೆ. (ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.)

೨
ಮೊದಲ ಡ್ರಾಫ್ಟ್. ಅತ್ತಿಗೆ ಮೊಬೈಲಿನ ಆ್ಯಪಿನಲ್ಲಿ ಪದ ಕಲಿಯುತ್ತಾರೆ. ಫ್ರಿಯೊ, ಚಳಿ. ಇಹಾ, ಮಗಳು. ಸೀ, ಹೌದು. ಮನ್ಯಾನಾ, ನಾಳೆ. ಅರ್ಥ ಗೊತ್ತಾದರೆ ಸಾಲದು, ಬಳಕೆ ಗೊತ್ತಿರಬೇಕು ಎಂದು ನಾನು ದೊಡ್ಡ ಪಂಡಿತನ ಹಾಗೆ ಉಪದೇಶ ಮಾಡಿದೆ.

ಬಳಕೆಯನ್ನು ಅವರು ಬೇಗನೆ ಕಲಿತರು. ಮುದುಕಿ ದಿನಾ ಬಾಗಿಲ ಕಡೆ ನೋಡಿ ‘ಇಹಾ?’ ಎನ್ನುತ್ತಾಳೆ. ಬೇರೆ ಊರಿನಲ್ಲಿರುವ ಮಗಳು ಬರುತ್ತಾಳಾ ಎಂದು. ಅತ್ತಿಗೆ ದಿಂಬು ಸರಿಪಡಿಸುತ್ತಾ, ನಗುನಗುತ್ತಾ, ‘ಸೀ, ಮನ್ಯಾನಾ’ ಎನ್ನುತ್ತಾರೆ. ರೋಗಿಗೆ ಇಲ್ಲ ಅನ್ನಬಾರದು, ಅದು ಅವರ ಕಸುಬಿನ ಮೊದಲ ಪಾಠವಂತೆ. ಮುದುಕಿ ಬಾಯಿ ತೆರೆಯುತ್ತಾಳೆ, ಸೂಪ್ ಒಳಗೆ ಹೋಗುತ್ತದೆ.

೩
ಇಲ್ಲಿ ಮಗಳನ್ನು ಕರೆಸಿಬಿಡೋಣ ಎಂದುಕೊಂಡೆ. ಸೂಟ್‌ಕೇಸು, ಅಪ್ಪುಗೆ, ನಿಮ್ಮ ಕಣ್ಣಲ್ಲಿ ನೀರು. ಓದಿ ಹೇಳಿದಾಗ ಅತ್ತಿಗೆಗೆ ರೇಗಿತು.

"ಬರದೇ ಇರೋಳನ್ನ ನೀನ್ಯಾಕಪ್ಪ ಬರಿಸ್ತೀಯ? ಬಂದು ಒಂದಿನ ಆ ಬೆನ್ನಿನ ಹುಣ್ಣು ತೊಳಿ, ಆಮೇಲೆ ಕಥೆ ಬರಿ."

ಆ ಡ್ರಾಫ್ಟ್ ಕಸದ ಬುಟ್ಟಿಗೆ ಹೋಯಿತು. (ಲೇಖಕನ ಸ್ವಾತಂತ್ರ್ಯ ಅಂತ ಏನೋ ಇದೆಯಂತೆ. ನಮ್ಮ ಮನೆಯಲ್ಲಿ ಇಲ್ಲ.)

೪
ನಡೆದದ್ದು ಇದು. ದಿನಾ ಊಟದ ಹೊತ್ತಿಗೆ ಅತ್ತಿಗೆ ಮಂಚದ ಪಕ್ಕದಲ್ಲೇ ಕೂತು ಅಣ್ಣನಿಗೆ ಫೋನ್ ಮಾಡುತ್ತಾರೆ. ಪಾಪ, ಇವತ್ತೂ ಕೇಳಿದಳು, ಮಗಳು ಬರಲ್ಲ, ಅವಳು ಬರೋ ಪೈಕಿ ಅಲ್ಲ ಎಂದು ಕನ್ನಡದಲ್ಲಿ ಎಲ್ಲ ಹೇಳಿಕೊಳ್ಳುತ್ತಾರೆ. ಮುದುಕಿಗೇನು ತಿಳಿಯುತ್ತೆ ಎಂಬ ಧೈರ್ಯ. ಆ ಕೋಣೆಯಲ್ಲಿ ಪದ ಕಲಿಯುತ್ತಿರುವವರು ತಾವೊಬ್ಬರೇ ಎಂದುಕೊಂಡಿದ್ದರು.

ಒಂದು ದಿನ ಮುದುಕಿ ಬಾಗಿಲ ಕಡೆ ನೋಡಲಿಲ್ಲ. ಅತ್ತಿಗೆಯ ಮುಖವನ್ನೇ ನೋಡಿ, ತಡೆದು ತಡೆದು, ಕನ್ನಡದಲ್ಲಿ ಹೇಳಿದಳು.

"ಮಗಳು ಬರಲ್ಲ."

ಅತ್ತಿಗೆ ಚಮಚವನ್ನು ಸೂಪಿನ ಬಟ್ಟಲಲ್ಲಿಟ್ಟರು.

೫
ಅಂತ್ಯಗಳು ಬೇಕೇ? ತಗೊಳ್ಳಿ. ಅತ್ತಿಗೆ ‘ಪೆರ್ದೋನ್’, ಕ್ಷಮಿಸಿ, ಎಂದು ಅವಳ ಕೈ ಹಿಡಿದುಕೊಂಡರು. ಇಲ್ಲವೇ, ಮತ್ತೆ ‘ಸೀ, ಮನ್ಯಾನಾ’ ಎಂದೇ ಹೇಳಿ ಚಮಚ ಮುಂದೆ ಹಿಡಿದರು. ಯಾವುದು ನಿಜ ಎಂದು ಕೇಳಿದೆ. ಅದು ನಮ್ಮಿಬ್ಬರ ವಿಷಯ, ನಿನ್ನ ಓದುಗರಿಗೆ ಯಾಕೆ ಎಂದರು.

ಅಂದಿನಿಂದ ಮುದುಕಿ ಮಗಳ ಮಾತೇ ಎತ್ತುವುದಿಲ್ಲ. ಸೂಪಿಗೆ ಬಾಯಿ ತೆರೆಯುವುದೂ ಕಷ್ಟದಿಂದಲೇ. ನಿನ್ನೆ ಮಗಳ ಫೋನ್ ಬಂತು. ಅಮ್ಮ ನನ್ನನ್ನು ಕೇಳುತ್ತಾಳಾ ಎಂದು ಇಂಗ್ಲಿಷಿನಲ್ಲಿ ವಿಚಾರಿಸಿದಳಂತೆ.

"ಈಗ ಕೇಳಲ್ಲ ಅಂದೆ," ಎಂದರು ಅತ್ತಿಗೆ. "ಸದ್ಯ, ಅಮ್ಮ ಹೊಂದಿಕೊಂಡ್ಳಲ್ಲ ಅಂದ್ಲು."

ಇದರ ಮುಂದೆ ಮುಕ್ತಾಯದ ಒಂದು ಪ್ಯಾರಾ ಇರಲಿ ಎಂದು ಸಂಪಾದಕರ ಒತ್ತಾಯ. ನಾನು ಬರೆಯುವುದಿಲ್ಲ. ಮುಗಿಸಬೇಕಾದವನು ನಾನಲ್ಲ, ಆ ಮಗಳು. ಬಂದರೆ ಅವಳನ್ನೇ ಕೇಳಿ.