ಅವ್ವನ ಕಿವಿ

ಅಜ್ಜಿ ಹೇಳುವ ಕತೆಯಾಗಿದ್ದರೆ, ಒಂದೂರಿನಲ್ಲಿ ಹೆಬ್ಬೆರಳಿನಷ್ಟು ಎತ್ತರದ ಅವ್ವ ಇದ್ದಳು, ಅವಳ ಕಿವಿ ಅಕ್ಕಿನುಚ್ಚಿನಷ್ಟಿತ್ತು, ಅದನ್ನು ಮುರಿಯಲು ಒಬ್ಬ ಮಹಾ ಗೊಂಬೆಗಾರ ಕಾದಿದ್ದ, ಎಂದು ಶುರುವಾಗುತ್ತಿತ್ತು. ಕತೆಯಲ್ಲವಾದ್ದರಿಂದ, ಚನ್ನಗಿರಿಯ ಆ ಹಿತ್ತಲಿನಲ್ಲಿ ಅಕ್ಕ ಪ್ರೇಮಮ್ಮನ ಹೆಣಕ್ಕೆ ನೀರು ಹಾಕುತ್ತಿದ್ದ ಮೂಕಮ್ಮ, ಉಳಿದ ಸೋಪಿನ ಚೂರನ್ನು ಸೆರಗಿಗೆ ಕಟ್ಟಿಕೊಂಡಳು.

“ಹೆಣ ತೊಳ್ದ ಸೋಪು ಕಣೆ ಅದು! ಎಸಿ ಅತ್ತಾಗೆ,” ಎಂದಳು ಪಕ್ಕದ ಮನೆಯ ಕೊಟ್ರಮ್ಮ.

“ಅಕ್ಕ ಹದಿನೈದು ವರ್ಷ ಕೇಳಿದ್ದು ಇದನ್ನೇ. ಸತ್ತ ಮೇಲಾದ್ರೂ ಸಿಕ್ಕೈತೆ, ಬಿಡ್ತೀನಾ?”

ಹೆಸರಿಗಷ್ಟೇ ಅವಳು ಮೂಕಮ್ಮ.

ಜಗಲಿಯ ಮೇಲೆ ಪ್ರೇಮಮ್ಮನ ಗಂಡ ಹಾಲಸ್ವಾಮಿ, ಯಾರಾದರೂ ನೋಡಿದಾಗ ಕಣ್ಣೊರೆಸಿಕೊಳ್ಳುತ್ತಿದ್ದ. ಅವನ ಅಂಗೈ ಮೇಲೆ, ಗಾಜಿಗೆ ಮೆತ್ತುವ ಪುಟ್ಟಿಯಲ್ಲಿ ತಿದ್ದಿದ ಹೆಬ್ಬೆರಳೆತ್ತರದ ಒಬ್ಬ ಮುದುಕಿ, ಮೊರದ ಮುಂದೆ ಕೂತು ಅಕ್ಕಿ ಆರಿಸುತ್ತಿದ್ದಳು.

“ನಮ್ಮತ್ತೆ. ನಾನೇ ಮಾಡಿದ್ದು. ಮಗಳ ಜತೇಲೇ ಮಣ್ಣಿಗೆ ಕಳಿಸ್ತೀನಿ.”

“ಎಂಥಾ ಕೈರೀ ನಿಮ್ದು!” ಎಂದ ಅಂಗಡಿ ಮಲ್ಲಿಕಾರ್ಜುನಪ್ಪ. ವರ್ಷಗಟ್ಟಲೆ ಇವನ ಗೊಂಬೆ ಮಾರಿದವನು. ಒಂದಕ್ಕಾದರೂ ಎರಡು ಕಿವಿ ಇದೆಯೇ ಎಂದು ನೋಡಿದವನಲ್ಲ.

*

ಕಿಟಕಿ ಗಾಜಿಗೆ ಮೆತ್ತಿ ಉಳಿದ ಪುಟ್ಟಿಯಲ್ಲಿ ಮೂರ್ತಿ ತಿದ್ದುತ್ತಿದ್ದವಳು ಪ್ರೇಮಮ್ಮ. ಅದಕ್ಕೆ ರಬ್ಬರ್ ಹಾಲು ಬಳಿದು, ಒಣಗಿದ ಮೇಲೆ ಸುಲಿದು, ಆ ಅಚ್ಚಿನೊಳಗೆ ಪ್ಲಾಸ್ಟರ್ ಹುಯ್ಯುವುದು ಹಾಲಸ್ವಾಮಿಯ ಕೆಲಸ. ಮೊದಲು ಸೋಪಿನ ನೀರು ಸವರಿದರೆ ರಬ್ಬರ್ ಅಂಟುವುದಿಲ್ಲ, ಅಸಲು ಮೂರ್ತಿ ಉಳಿಯುತ್ತದೆ ಎಂದು ಅವಳು ಹೇಳಿದ್ದೇ ಹೇಳಿದ್ದು.

“ಸೋಪು ಹಚ್ಚಾಕೆ ಅದೇನು ಬಾಣಂತಿನೇನೆ?” ಎನ್ನುತ್ತಿದ್ದ ಮಹಾಶಯ. ಎಳೆದರೆ ಕೊಂಬು ರಬ್ಬರಿನಲ್ಲಿ, ಎತ್ತು ನೆಲದಲ್ಲಿ; ಆ ಅಚ್ಚಿನಿಂದ ಬಂದ ಗೊಂಬೆಗಳೆಲ್ಲ ಮೋಟು. “ನಿನ್ನ ಪುಟ್ಟೀನೇ ಸರಿ ಇಲ್ಲ ಬಿಡು.”

ಎಂಬತ್ತೊಂದನೇ ಇಸವಿಯಲ್ಲಿ ಅಕ್ಕತಂಗಿಯರ ಅವ್ವ ತೀರಿಕೊಂಡಳು. ಅವ್ವನದೊಂದೂ ಫೋಟೋ ಇರಲಿಲ್ಲ. ಪ್ರೇಮಮ್ಮ ನೆನಪಿನಿಂದಲೇ ತಿದ್ದಿ, ಗಂಡನ ಕೈಗೆ ಸಿಗದಂತೆ ಉಪ್ಪಿನ ಮಡಕೆಯ ಹಿಂದೆ ಅಡಗಿಸಿಟ್ಟಳು.

“ನಿನಗೂ ಒಬ್ಬ ಅವ್ವನ್ನ ಮಾಡಿಕೊಡ್ತೀನಿ ಮೂಕಿ, ಎರಡೂ ಕಿವಿ ಇರೋಳು. ಈ ಮಹಾನುಭಾವ ಒಂದಿನ ಎಲ್ಲಾದ್ರೂ ಊರಿಗೆ ಹೋಗ್ಲಿ, ಅಚ್ಚು ತೆಗೀತೀನಿ.”

ಮಹಾನುಭಾವ ಹೋಗಲಿಲ್ಲ. ಅವಳೇ ಹೋದಳು. ಮಡಕೆಯ ಹಿಂದಿನ ಅವ್ವ ಅವನ ಅಂಗೈಗೆ ಬಂದಳು.

*

“ಭಾವ, ಅವ್ವನ್ನ ಕೊಡ್ರಿ ಇಲ್ಲಿ. ಅಕ್ಕನ ಜತೆ ಹೋಗೋಳು, ಮೈ ತೊಳ್ದು ಕಳಿಸಾನ.”

ಜನ ನೋಡುತ್ತಿದ್ದರು. ಹಾಲಸ್ವಾಮಿ ಕೊಡಲೇಬೇಕಾಯಿತು.

ಜಗಳೂರಿನ ನೆಂಟರು ಬರುವ ತನಕ ಹೆಣ ಎತ್ತುವಂತಿರಲಿಲ್ಲ. ಅವರ ಬಸ್ಸು ಎಲ್ಲೋ ಕೆಟ್ಟು ನಿಂತಿತ್ತಂತೆ. ಪುಣ್ಯವಂತ ಬಸ್ಸು. ಮೂಕಮ್ಮ ಹತ್ತಿಯ ಬತ್ತಿಯಿಂದ ಅವ್ವನ ಕಿವಿಸಂದಿಗೆಲ್ಲ ಸೋಪಿನ ನೀರು ಸವರಿದಳು. ಭಾವನ ಡಬ್ಬಿಯಿಂದಲೇ ರಬ್ಬರ್ ಹಾಲು ತೆಗೆದು ತೆಳ್ಳಗೆ ಬಳಿದು ಒಗೆಯುವ ಕಲ್ಲಿನ ಮೇಲೆ ಬಿಸಿಲಿಗಿಟ್ಟಳು. ಒಣಗಿದಂತೆ ಮತ್ತೊಮ್ಮೆ, ಮಗದೊಮ್ಮೆ.

ಹಾಲಸ್ವಾಮಿ ಇಣುಕಿದ. “ಏ, ಹಿಂಗೆಲ್ಲ ಅಚ್ಚು ಕೂರಲ್ಲ. ಕೊಡು, ನಾನು ಎಳೀತೀನಿ.”

“ನೀವು ಹೋಗಿ ಅಳ್ರಿ ಭಾವ. ಜನ ಕಾಯ್ತಾ ಅದಾರೆ.”

ಇಳಿಹೊತ್ತಿಗೆ ಜಗಳೂರಿನವರ ಗೋಳು ಬಾಗಿಲಲ್ಲಿ ಕೇಳಿಸಿತು. “ಎತ್ರಪ್ಪಾ, ಹೊತ್ತಾತು,” ಎಂದು ಯಾರೋ ಕೂಗಿದರು. ಮೂಕಮ್ಮ ರಬ್ಬರನ್ನು ಬುಡದಿಂದ ಅಂಗಿಯ ತೋಳು ಮಡಚಿದಂತೆ ಸುರುಳಿ ಸುತ್ತುತ್ತಾ ಬಂದಳು. ಮೊರ ಬಂತು. ಅಕ್ಕಿ ಆರಿಸುವ ಬೆರಳು ಬಂದವು. ಮೂಗು ಬಂತು. ಎಡಗಿವಿ. ಅವಳು ರಬ್ಬರನ್ನು ಇನ್ನೂ ಮೆಲ್ಲಗೆ ಹೊರಳಿಸಿದಳು. ಬಲಗಿವಿ.

ವಿಭೂತಿ ಬಳಿದು ಕೂರಿಸಿದ್ದ ಪ್ರೇಮಮ್ಮನ ಮುಂದೆ ಹಾಲಸ್ವಾಮಿ, ಊರೆಲ್ಲ ನೋಡುವಂತೆ, ಮೂರ್ತಿಗಾಗಿ ಕೈ ಚಾಚಿದ. ಮೂಕಮ್ಮ ಆ ಕೈಯಲ್ಲಿ ಸೋಪಿನ ಚೂರು ಇಟ್ಟಳು. ಅವ್ವನನ್ನು ತಾನೇ ಅಕ್ಕನ ಮಡಿಲಲ್ಲಿ ಕೂರಿಸಿದಳು. ಮೂಕಮ್ಮನ ಎಡಮುಷ್ಟಿಯೊಳಗೆ ರಬ್ಬರಿನ ಇನ್ನೊಬ್ಬ ಅವ್ವ, ಟೊಳ್ಳು, ಬಿಸಿಲಿಗೆ ಬೆಚ್ಚಗಾಗಿದ್ದಳು.